ಕೈಗೆ ಕೆಲಸ ಕೊಡಿ, ಚರ್ಮಕ್ಕೆ ಬಿಡುವು ಕೊಡಿ: ಚಿವುಟುವ ಗೀಳಿನಿಂದ ಹೊರಬರಲು 12 ಸೂತ್ರಗಳು

ಮುಖ ತೊಳೆಯಲೆಂದು ಬಚ್ಚಲಿಗೆ ಹೋಗಿ ಅರ್ಧ ಗಂಟೆಯಾಯಿತು. ಕನ್ನಡಿಗೆ ಮೂಗು ತಾಗುವಷ್ಟು ಹತ್ತಿರ ನಿಂತು, ತೋರುಬೆರಳಿನಿಂದ ದವಡೆಯ ಅಂಚನ್ನು ಸವರುತ್ತಾ ಹೋದಂತೆ ಎಲ್ಲೋ ಒಂದು ಸಣ್ಣ ಗಂಟು ಸಿಗುತ್ತದೆ. ಎರಡು ಉಗುರು ಅದರ ಎರಡೂ ಬದಿಗೆ ಬಂದು ಕೂರುತ್ತವೆ. ಒತ್ತಿದಾಗ ಒಂದು ಗಳಿಗೆ ಹಾಯೆನಿಸುತ್ತದೆ. ಆಮೇಲೆ ರಕ್ತ, ಉರಿ, ‘ಮತ್ತೆ ಮಾಡಿಬಿಟ್ಟೆನಲ್ಲ’ ಎಂಬ ಸಂಕಟ. ಮರುದಿನ ಹಕ್ಕಳೆ ಕಟ್ಟುತ್ತದೆ, ಅದರ ಅಂಚು ಎದ್ದಿರುವುದು ಬೆರಳಿಗೆ ಸಿಗುತ್ತದೆ, ಮತ್ತೆ ಶುರು. ಕೆಲವರಿಗೆ ಮುಖ, ಇನ್ನು ಕೆಲವರಿಗೆ ತೋಳು, ಬೆನ್ನು, ತಲೆಯ ಚರ್ಮ, ತುಟಿ, ಉಗುರಿನ ಸುತ್ತಲಿನ ಸಿಪ್ಪೆ, ಹಿಮ್ಮಡಿ.

ಇದರಿಂದ ಹೊರಬರಬಹುದು. ಆದರೆ ಕ್ರಮ ತಪ್ಪಬಾರದು. ಮೊದಲು ಕೈ ಸುಮ್ಮನಾಗಬೇಕು, ಕಲೆಯ ಚಿಕಿತ್ಸೆ ಆಮೇಲೆ. ಬಹಳ ಮಂದಿ ಇದನ್ನು ತಲೆಕೆಳಗು ಮಾಡಿ, ಕ್ರೀಮಿಗೆ ದುಡ್ಡು ಸುರಿದು ಕೈಸೋಲುತ್ತಾರೆ.

1. ಬೈದುಕೊಳ್ಳುವುದನ್ನು ಇವತ್ತೇ ನಿಲ್ಲಿಸಿ.
ನಿಮ್ಮದು ಕೊಳಕು ಅಭ್ಯಾಸ, ನಿಮಗೆ ಮನಸ್ಸು ಗಟ್ಟಿಯಿಲ್ಲ ಎಂದೆಲ್ಲ ಯಾರಾದರೂ ಹೇಳಿದ್ದರೆ ಅದನ್ನು ಮರೆತುಬಿಡಿ. ಇಂಗ್ಲೆಂಡಿನ ಚರ್ಮವೈದ್ಯ ಎರಾಸ್ಮಸ್ ವಿಲ್ಸನ್ 1875ರಲ್ಲೇ ಇಂಥ ರೋಗಿಗಳ ಬಗ್ಗೆ ಬರೆದಿದ್ದರು. 2013ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿಯಾದ ಡಿಎಸ್‌ಎಂ-5 ಇದನ್ನು ‘ಎಕ್ಸ್‌ಕೋರಿಯೇಶನ್ ಡಿಸಾರ್ಡರ್’ ಎಂಬ ಪ್ರತ್ಯೇಕ ಕಾಯಿಲೆಯೆಂದು ಒಪ್ಪಿ, ಗೀಳುರೋಗಗಳ ಬಳಗಕ್ಕೆ ಸೇರಿಸಿತು. ಸಾಮಾನ್ಯವಾಗಿ ಹರೆಯದಲ್ಲಿ, ಮೊಡವೆ ಏಳುವ ಹೊತ್ತಿನಲ್ಲಿ ಶುರುವಾಗುತ್ತದೆ. ನೂರರಲ್ಲಿ ಒಬ್ಬಿಬ್ಬರಿಗಾದರೂ ಇರುವ ತೊಂದರೆ ಇದು. ನಿಮ್ಮ ಬಸ್ಸಿನಲ್ಲಿ, ನಿಮ್ಮ ಆಫೀಸಿನಲ್ಲಿ ಉದ್ದ ತೋಳಿನ ಬಟ್ಟೆಯೊಳಗೆ ಇದನ್ನು ಮುಚ್ಚಿಟ್ಟುಕೊಂಡವರು ಇನ್ನೂ ಇದ್ದಾರೆ. ನಾಚಿಕೆಯಿಂದ ಒತ್ತಡ ಹೆಚ್ಚುತ್ತದೆ, ಒತ್ತಡ ಕೈಯನ್ನು ಮತ್ತೆ ಚರ್ಮಕ್ಕೇ ಕಳಿಸುತ್ತದೆ. ಬೈಗುಳದಿಂದ ಈ ಕಾಯಿಲೆ ವಾಸಿಯಾಗುವುದಿಲ್ಲ.

2. ಬೇರೆ ಕಾರಣ ಇದೆಯೇ ಎಂದು ಒಮ್ಮೆ ತೋರಿಸಿಕೊಳ್ಳಿ.
ಕಜ್ಜಿ, ಇಸುಬು, ಥೈರಾಯ್ಡ್, ಪಿತ್ತಜನಕಾಂಗ ಅಥವಾ ಮೂತ್ರಪಿಂಡದ ತೊಂದರೆ, ಕೆಲವು ಔಷಧಿಗಳು, ಇವುಗಳಿಂದಲೂ ತುರಿಕೆ ಬರುತ್ತದೆ. ತುರಿಕೆ ಇದ್ದು ಕೆರೆಯುವುದೇ ಬೇರೆ, ತುರಿಕೆಯೇ ಇಲ್ಲದೆ ಕೀಳುವುದೇ ಬೇರೆ. ಮೊಡವೆ ಹೆಚ್ಚಿದ್ದರೆ ಅದಕ್ಕೆ ಸರಿಯಾದ ಔಷಧಿ ಪಡೆಯಿರಿ. ಬೆರಳಿಗೆ ಸಿಗುವ ಗಂಟು ಕಡಿಮೆಯಾದರೆ ಅರ್ಧ ಪ್ರಚೋದನೆ ಹೋದಂತೆ.

3. ಒಂದು ವಾರ ಬರೀ ಗಮನಿಸಿ.
ನಿಲ್ಲಿಸಲು ಹೋಗಬೇಡಿ, ಬರೆದಿಡಿ ಅಷ್ಟೆ. ಎಷ್ಟು ಹೊತ್ತಿಗೆ, ಎಲ್ಲಿ ಕೂತಿದ್ದಾಗ, ಯಾವ ಕೈ, ದೇಹದ ಯಾವ ಜಾಗ, ಅದಕ್ಕೆ ಮುಂಚೆ ಮನಸ್ಸು ಹೇಗಿತ್ತು. ಮೊಬೈಲಿನ ನೋಟ್ಸ್‌ನಲ್ಲಿ ಎರಡು ಸಾಲು ಸಾಕು. ಈ ಚಿವುಟುವಿಕೆಯಲ್ಲಿ ಎರಡು ಬಗೆ. ಒಂದು, ಗೊತ್ತಿಲ್ಲದೆ ನಡೆಯುವುದು: ಟಿವಿ ನೋಡುವಾಗ, ಓದುವಾಗ, ಸಿಗ್ನಲ್ಲಿನಲ್ಲಿ ನಿಂತಾಗ ಕೈ ತಾನಾಗಿ ಹೋಗಿರುತ್ತದೆ. ಇನ್ನೊಂದು, ಗೊತ್ತಿದ್ದೇ ಮಾಡುವುದು: ಬೇಸರ, ಭಯ, ಸಿಟ್ಟು ತಡೆಯಲಾರದೆ, ಅಥವಾ ‘ಇದೊಂದನ್ನು ಸರಿಮಾಡಿಬಿಡೋಣ’ ಎಂದು ಕನ್ನಡಿಯ ಮುಂದೆ ನಿಲ್ಲುವುದು. ಹೆಚ್ಚಿನವರಲ್ಲಿ ಎರಡೂ ಇರುತ್ತವೆ. ಮೊದಲನೆಯದಕ್ಕೆ ಅಡ್ಡಗಟ್ಟೆ ಬೇಕು, ಎರಡನೆಯದಕ್ಕೆ ಮನಸ್ಸಿಗೆ ಬೇರೆ ದಾರಿ ಬೇಕು. ವಾರ ಕಳೆಯುವಷ್ಟರಲ್ಲಿ ನಿಮ್ಮ ಅಪಾಯದ ಹೊತ್ತು ಯಾವುದೆಂದು ಬಹುಮಟ್ಟಿಗೆ ಗೊತ್ತಾಗಿರುತ್ತದೆ.

4. ಜಾಗವನ್ನು ಬದಲಿಸಿ, ಸಲಕರಣೆ ಕಿತ್ತುಹಾಕಿ.
ಪಿನ್ನು, ಚಿಮಟ, ಬ್ಲ್ಯಾಕ್‌ಹೆಡ್ ತೆಗೆಯುವ ಕಡ್ಡಿ ಮನೆಯಲ್ಲಿ ಬೇಡ. ದೊಡ್ಡದಾಗಿ ತೋರಿಸುವ ಕನ್ನಡಿಯಂತೂ ಬೇಡವೇ ಬೇಡ. ಬಚ್ಚಲಿನ ಬಲ್ಬು ಮಂದದ್ದಿರಲಿ. ಕನ್ನಡಿಯ ಮೇಲೆ, ಮುಖ ಬರುವ ಎತ್ತರಕ್ಕೆ, ಒಂದು ಹಾಳೆ ಅಂಟಿಸಿ. ತಲೆ ಬಾಚಲು ಉಳಿದ ಭಾಗ ಸಾಕು. ಮೊಬೈಲ್ ಕ್ಯಾಮೆರಾದಲ್ಲಿ ಮುಖ ಹಿಗ್ಗಿಸಿ ನೋಡುವುದೂ ಕನ್ನಡಿಗೆ ಸಮ, ಅದನ್ನೂ ಬಿಡಿ. ಬಾಗಿಲು ಹಾಕಿಕೊಂಡು ಒಬ್ಬರೇ ಇರುವ ಹೊತ್ತು ಅಪಾಯದ್ದಾದರೆ, ಬಚ್ಚಲಿಗೆ ಹೋಗುವ ಮುನ್ನ ಐದು ನಿಮಿಷದ ಅಲಾರಂ ಇಟ್ಟು, ಫೋನನ್ನು ಹೊರಗೇ ಬಿಡಿ. ಅದು ಬಡಿದಾಗ ನಿಲ್ಲಿಸಲು ಹೊರಬರಲೇಬೇಕು.

ಉಗುರನ್ನು ಚಿಕ್ಕದಾಗಿ ಕತ್ತರಿಸಿ ಅಂಚು ಉಜ್ಜಿ ನುಣುಪು ಮಾಡಿ. ಬೆರಳ ತುದಿಗೆ ಬ್ಯಾಂಡೇಜ್ ಪಟ್ಟಿ ಸುತ್ತಿದರೆ ಗಂಟು ಕೈಗೆ ಸಿಗುವುದೇ ಇಲ್ಲ, ಕೀಳುವ ಸುಖವೂ ಹೋಗುತ್ತದೆ. ರಾತ್ರಿ ಹತ್ತಿಯ ಕೈಗವಸು, ತೋಳಿಗೆ ಉದ್ದನೆಯ ಅಂಗಿ. ತುಟಿಗೆ ಹಾಗೂ ಉಗುರಿನ ಬುಡಕ್ಕೆ ಪೆಟ್ರೋಲಿಯಂ ಜೆಲ್ಲಿಯನ್ನೋ ಕೊಬ್ಬರಿ ಎಣ್ಣೆಯನ್ನೋ ಹಚ್ಚುತ್ತಿರಿ. ಸಿಪ್ಪೆ ಏಳದಿದ್ದರೆ ಕೀಳಲು ಏನೂ ಇರುವುದಿಲ್ಲ.

5. ಕೈಗೆ ಬೇರೆ ಕೆಲಸ ಹಚ್ಚಿ.
ಎಲ್ಲ ಸೂತ್ರಗಳಲ್ಲಿ ನಾನು ಹೆಚ್ಚು ನಂಬುವುದು ಇದನ್ನೇ. 1973ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ನೇಥನ್ ಅಜ್ರಿನ್ ಮತ್ತು ಗ್ರೆಗರಿ ನನ್ ರೂಪಿಸಿದ ‘ಹ್ಯಾಬಿಟ್ ರಿವರ್ಸಲ್’ ಎಂಬ ಅಭ್ಯಾಸ ಇವತ್ತಿಗೂ ಈ ಕಾಯಿಲೆಯ ಚಿಕಿತ್ಸೆಯ ಬೆನ್ನೆಲುಬು. ಮಾಡುವುದು ಹೀಗೆ: ಕೈ ಮುಖದ ಕಡೆ ಏಳುತ್ತಿದೆ ಎಂದು ಗೊತ್ತಾದ ಕೂಡಲೇ ಹೆಬ್ಬೆರಳನ್ನು ಒಳಗಿಟ್ಟು ಮುಷ್ಟಿ ಕಟ್ಟಿ, ಮೊಣಕೈಯನ್ನು ಪಕ್ಕೆಗೆ ಒತ್ತಿ, ಒಂದೆರಡು ನಿಮಿಷ ಹಾಗೇ ಹಿಡಿಯಿರಿ. ನಿಧಾನವಾಗಿ ಉಸಿರಾಡಿ. ಕೀಳಬೇಕೆಂಬ ತುಡಿತ ಏರುತ್ತದೆ, ತುದಿ ಮುಟ್ಟುತ್ತದೆ, ತಾನಾಗಿ ಇಳಿಯುತ್ತದೆ. ಅದು ಇಳಿಯುವುದನ್ನು ಕಾಯುವುದಷ್ಟೇ ನಿಮ್ಮ ಕೆಲಸ. ಬಸ್ಸಿನಲ್ಲಿ, ತರಗತಿಯಲ್ಲಿ, ಮೀಟಿಂಗಿನಲ್ಲಿ ಯಾರಿಗೂ ಕಾಣದಂತೆ ಇದನ್ನು ಮಾಡಬಹುದು.

ಮನೆಯಲ್ಲಿದ್ದಾಗ ಬೆರಳಿಗೆ ಸುಲಿಯುವ, ಹಿಂಡುವ, ಹೊಸೆಯುವ ಕೆಲಸವನ್ನೇ ಕೊಡಿ. ನಮ್ಮ ಅಡುಗೆಮನೆ ಇದಕ್ಕೆ ಹೇಳಿ ಮಾಡಿಸಿದ ಜಾಗ. ಅವರೆಕಾಯಿಯ ಕಾಲದಲ್ಲಿ ನೆನೆಸಿದ ಕಾಳನ್ನು ಹಿಸುಕಿ ಹಿತಕಿದ ಬೇಳೆ ಮಾಡಲು ಕೂತು ನೋಡಿ: ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಕಾಳು ಜಾರಿ, ಸಿಪ್ಪೆ ಕೈಯಲ್ಲಿ ಉಳಿದು, ಬೇಳೆ ಪಾತ್ರೆಗೆ ಹಾರುತ್ತದೆ. ಕೈ ಹುಡುಕುತ್ತಿದ್ದ ಆ ‘ಪಟ್’ ಎನ್ನುವ ತೃಪ್ತಿ ಅಲ್ಲಿ ಸಿಗುತ್ತದೆ. ಬೆಳ್ಳುಳ್ಳಿ ಸುಲಿಯುವುದು, ಕಡಲೆಕಾಯಿ ಬಿಡಿಸುವುದು, ದೀಪಕ್ಕೆ ಬತ್ತಿ ಹೊಸೆಯುವುದು, ಹೂ ಕಟ್ಟುವುದು ಎಲ್ಲವೂ ಆದೀತು. ಟಿವಿ ಮುಂದೆ ಖಾಲಿ ಕೈಯಲ್ಲಿ ಕೂರಬೇಡಿ.

6. ಮೆಲ್ಲನೆ ಸವರಿ.
2023ರಲ್ಲಿ ಜರ್ಮನಿಯ ಸಂಶೋಧಕರು ಇನ್ನೊಂದು ಸುಲಭ ದಾರಿಯನ್ನು ಪರೀಕ್ಷಿಸಿದರು. ಬೆರಳ ತುದಿಗಳನ್ನು ಒಂದಕ್ಕೊಂದು ಹಗುರಾಗಿ ಉಜ್ಜುವುದು, ಅಂಗೈಯನ್ನೋ ಮುಂಗೈಯನ್ನೋ ಮೃದುವಾಗಿ ಸವರುವುದು. ಅಭ್ಯಾಸ ಮಾಡಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಸ್ವಲ್ಪವಾದರೂ ಅನುಕೂಲವಾಯಿತು. ಖರ್ಚಿಲ್ಲ, ಅಡ್ಡಪರಿಣಾಮವಿಲ್ಲ.

7. ಒಬ್ಬರೇ ಹೊರಬೇಡಿ.
ಗಾಯಗಳು ನಿಲ್ಲುತ್ತಿಲ್ಲ, ಕೆಲಸಕ್ಕೆ ಹೋಗಲು, ನಾಲ್ಕು ಜನರ ಮುಂದೆ ಬರಲು ಸಂಕೋಚವಾಗುತ್ತಿದೆ ಎಂದಾದರೆ ಚರ್ಮವೈದ್ಯರ ಜೊತೆ ಮನೋವೈದ್ಯರನ್ನೂ ಕಾಣಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಗೀಳುರೋಗಕ್ಕೆಂದೇ ಪ್ರತ್ಯೇಕ ಕ್ಲಿನಿಕ್ ಇದೆ. ನಡವಳಿಕೆಯ ಚಿಕಿತ್ಸೆಯ ಜೊತೆಗೆ ಕೆಲವರಿಗೆ ಮಾತ್ರೆಯೂ ಬೇಕಾಗುತ್ತದೆ. ಎನ್-ಅಸಿಟೈಲ್ ಸಿಸ್ಟೀನ್ ಎಂಬ ಔಷಧಿಯನ್ನು 66 ಮಂದಿಯಲ್ಲಿ 12 ವಾರ ಪರೀಕ್ಷಿಸಿ ನೋಡಿದ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಅದನ್ನು ತೆಗೆದುಕೊಂಡವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿ ಸುಧಾರಿಸಿದರೆ, ಹುಸಿಮಾತ್ರೆ ಪಡೆದವರಲ್ಲಿ ಐವರಲ್ಲಿ ಒಬ್ಬರು ಸುಧಾರಿಸಿದ್ದರು. ಆದರೆ ಅಂಗಡಿಯಲ್ಲಿ ಸಿಗುತ್ತದೆಂದು ನೀವೇ ತಂದು ನುಂಗಬೇಡಿ. ಆಸ್ತಮಾ ಇರುವವರು, ಗರ್ಭಿಣಿಯರು, ಬೇರೆ ಔಷಧಿ ತೆಗೆದುಕೊಳ್ಳುತ್ತಿರುವವರು ವೈದ್ಯರನ್ನು ಕೇಳಲೇಬೇಕು.

8. ಗಾಯ ಒಣಗಲು ಬಿಡಬೇಡಿ.
‘ಗಾಳಿಗೆ ಬಿಡು, ಹಕ್ಕಳೆ ಕಟ್ಟಲಿ’ ಎಂದು ಹಿರಿಯರು ಹೇಳುತ್ತಾರೆ. 1962ರಲ್ಲಿ ಸಂಶೋಧಕ ಜಾರ್ಜ್ ವಿಂಟರ್ ಹಂದಿಗಳ ಮೇಲೆ ನಡೆಸಿದ ಪ್ರಯೋಗ ಇದನ್ನು ಬುಡಮೇಲು ಮಾಡಿತು: ಮುಚ್ಚಿ ಪಸೆ ಉಳಿಸಿದ ಗಾಯದ ಮೇಲೆ ಹೊಸ ಚರ್ಮ ಸುಮಾರು ಎರಡು ಪಟ್ಟು ಬೇಗ ಬೆಳೆದಿತ್ತು. ಸಾಧಾರಣ ಸೋಪು, ನೀರಿನಿಂದ ಮೆಲ್ಲಗೆ ತೊಳೆದು, ಒತ್ತಿ ಒರೆಸಿ, ತೆಳುವಾಗಿ ಪೆಟ್ರೋಲಿಯಂ ಜೆಲ್ಲಿ ಹಚ್ಚಿ ಪಟ್ಟಿ ಹಾಕಿ. ಮುಖಕ್ಕೆ ಹೈಡ್ರೋಕೊಲಾಯ್ಡ್ ಇರುವ ಪಿಂಪಲ್ ಪ್ಯಾಚ್ ಒಳ್ಳೆಯದು. ಅದು ಗಾಯದ ರಸ ಹೀರುತ್ತದೆ, ಹಕ್ಕಳೆ ಗಟ್ಟಿಯಾಗಲು ಬಿಡುವುದಿಲ್ಲ, ಎಲ್ಲಕ್ಕಿಂತ ಮುಖ್ಯವಾಗಿ ಬೆರಳಿಗೂ ಗಾಯಕ್ಕೂ ನಡುವೆ ನಿಲ್ಲುತ್ತದೆ. ಕೀವು, ಹರಡುವ ಕೆಂಪು, ಊತ, ಜ್ವರ ಕಂಡರೆ ಅದೇ ದಿನ ಡಾಕ್ಟರ ಹತ್ತಿರ ಹೋಗಿ. ಮೂಗು ಮತ್ತು ಮೇಲ್ದುಟಿಯ ಸುತ್ತ ಸೋಂಕಾಗಿದ್ದರೆ, ಸಕ್ಕರೆ ಕಾಯಿಲೆ ಇದ್ದರೆ ತಡ ಮಾಡಲೇಬೇಡಿ.

9. ನಿಂಬೆರಸ, ಟೂತ್‌ಪೇಸ್ಟ್, ಅಡುಗೆ ಸೋಡಾ ಬೇಡ.
ನಿಂಬೆರಸ ಹಚ್ಚಿ ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಇನ್ನಷ್ಟು ಕಪ್ಪಾಗುತ್ತದೆ. ಅದಕ್ಕಿಂತ ಅಪಾಯ, ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ‘ಬೆಳ್ಳಗಾಗುವ’ ಕ್ರೀಮು. ಅವುಗಳಲ್ಲಿ ಎಷ್ಟೋ ಸ್ಟೀರಾಯ್ಡ್ ಇರುವಂಥವು. ಮೊದಲು ಮುಖ ಹೊಳೆಯುತ್ತದೆ. ಬರಬರುತ್ತಾ ಚರ್ಮ ತೆಳುವಾಗಿ, ಕೆಂಪಾಗಿ, ಮೊಡವೆ ತುಂಬಿಕೊಳ್ಳುತ್ತದೆ. ಬಿಟ್ಟರೆ ಉರಿ, ಹಚ್ಚಿದರೆ ಹಾನಿ ಎಂಬ ಸ್ಥಿತಿಗೆ ಬಂದವರನ್ನು ಚರ್ಮವೈದ್ಯರು ದಿನವೂ ನೋಡುತ್ತಿದ್ದಾರೆ. ಕೊಳ್ಳುವ ಮುನ್ನ ಪೆಟ್ಟಿಗೆಯ ಮೇಲಿನ ಹೆಸರು ಓದಿ: ಬೀಟಾಮೆಥಸೋನ್, ಕ್ಲೋಬೆಟಸೋಲ್, ಮೊಮೆಟಸೋನ್ ಎಂದಿದ್ದರೆ ವೈದ್ಯರ ಚೀಟಿಯಿಲ್ಲದೆ ಮುಖಕ್ಕೆ ಮುಟ್ಟಿಸಬೇಡಿ.

10. ಕಲೆ ಯಾವ ಬಗೆಯದು, ನೋಡಿಕೊಳ್ಳಿ.
ಬೆರಳಿಗೆ ಸಮತಟ್ಟಾಗಿ ಸಿಕ್ಕು, ಕಣ್ಣಿಗೆ ಮಾತ್ರ ಕಂದಾಗಿ ಕಾಣುವುದು ಬಣ್ಣದ ಕಲೆ. ನಮ್ಮಂಥ ಕಂದು ಚರ್ಮದವರಿಗೆ ಸಣ್ಣ ಗೀರು ಕೂಡ ಇಂಥ ಕಲೆ ಬಿಡುತ್ತದೆ. ಸಮಾಧಾನದ ಸಂಗತಿಯೆಂದರೆ, ಮತ್ತೆ ಕೀಳದಿದ್ದರೆ ಹೆಚ್ಚಿನವು ಕೆಲವು ತಿಂಗಳಿಂದ ಒಂದು ವರ್ಷದೊಳಗೆ ತಾವಾಗಿ ಮಾಸುತ್ತವೆ. ಬೂದು-ನೀಲಿ ಛಾಯೆ ಇರುವಂಥವು ಆಳದವು, ಅವಕ್ಕೆ ಇನ್ನೂ ಹೆಚ್ಚು ಕಾಲ ಬೇಕು. ದಿನವೂ ಎಸ್‌ಪಿಎಫ್ 30 ಅಥವಾ ಹೆಚ್ಚಿನ ಸನ್‌ಸ್ಕ್ರೀನ್ ಹಚ್ಚಿ. ಐರನ್ ಆಕ್ಸೈಡ್ ಇರುವ, ಬಣ್ಣ ಬೆರೆತ ಸನ್‌ಸ್ಕ್ರೀನ್ ಕಂದು ಚರ್ಮಕ್ಕೆ ಇನ್ನೂ ಮೇಲು. ಸನ್‌ಸ್ಕ್ರೀನ್ ಇಲ್ಲದೆ ಬೇರಾವ ಕ್ರೀಮಿಗೆ ದುಡ್ಡು ಕೊಟ್ಟರೂ ವ್ಯರ್ಥ. ಗಾಯ ಪೂರ್ತಿ ಮಾಗಿದ ಮೇಲೆ ಅಜೆಲಾಯಿಕ್ ಆಸಿಡ್, ನಯಾಸಿನಮೈಡ್, ರೆಟಿನಾಯ್ಡ್‌ಗಳನ್ನು ವೈದ್ಯರು ಸೂಚಿಸಬಹುದು. ಗರ್ಭಿಣಿಯರಿಗೆ ರೆಟಿನಾಯ್ಡ್ ಸಲ್ಲದು.

ಗುಳಿ ಬಿದ್ದಿದ್ದರೆ ಅಥವಾ ಉಬ್ಬಿದ್ದರೆ ಅದು ನಿಜವಾದ ಗಾಯದ ಗುರುತು. ಉಬ್ಬಿದ್ದಕ್ಕೆ ಸಿಲಿಕೋನ್ ಜೆಲ್ ಅಥವಾ ಹಾಳೆಯನ್ನು ತಿಂಗಳುಗಟ್ಟಲೆ ಬಳಸಬೇಕು. ಎದೆ, ಭುಜ, ದವಡೆಯ ಮೇಲೆ ಗಾಯದ ಅಂಚು ಮೀರಿ ಬೆಳೆಯುವ ಗಂಟು ಕೀಲಾಯ್ಡ್ ಇರಬಹುದು. ಅದಕ್ಕೆ ಚುಚ್ಚುಮದ್ದು ಬೇಕಾದೀತು. ಗುಳಿಗೆ ಮೈಕ್ರೋನೀಡ್ಲಿಂಗ್, ಲೇಸರ್ ಇವೆ. ಕೈ ಇನ್ನೂ ಕೀಳುತ್ತಿರುವಾಗ ಇವುಗಳ ಹತ್ತಿರ ಹೋಗಬೇಡಿ. ಚಿಕಿತ್ಸೆಯಾದ ಮೇಲೆ ಏಳುವ ಸಿಪ್ಪೆಯೇ ಹೊಸ ಆಹ್ವಾನವಾಗುತ್ತದೆ. ಲೇಸರ್ ತಪ್ಪಾದರೆ ಕಂದು ಚರ್ಮ ಇನ್ನಷ್ಟು ಕಪ್ಪಾಗುತ್ತದೆ, ಹಾಗಾಗಿ ಬ್ಯೂಟಿ ಪಾರ್ಲರ್ ಬೇಡ, ಅರ್ಹ ಚರ್ಮವೈದ್ಯರೇ ಆಗಬೇಕು.

11. ಮನೆಯವರೇ, ಮುಖದ ಬಗ್ಗೆ ಮಾತು ಬಿಡಿ.
‘ಮುಖಕ್ಕೆ ಕೈ ಹಾಕಬೇಡ್ವೇ ಅಂದ್ರೆ ಕೇಳಲ್ವಲ್ಲ, ನಾಳೆ ಹುಡುಗನ ಕಡೆಯವರು ಬಂದ್ರೆ ಏನಂತಾರೆ?’ ಎಂದು ಅಮ್ಮ ಪ್ರೀತಿಯಿಂದಲೇ ಹೇಳಿರುತ್ತಾಳೆ. ಮಗಳು ಅದನ್ನು ಕೇಳಿ ಎದ್ದು ಹೋಗುವುದು ಮತ್ತೆ ಆ ಬಚ್ಚಲಿಗೇ. ಮದುವೆ ಮನೆಯಲ್ಲಿ ‘ಏನಮ್ಮ, ಮುಖಕ್ಕೆ ಏನಾಯ್ತು?’ ಎಂದು ಎಲ್ಲರೆದುರು ಕೇಳುವ ನೆಂಟರಿಗೂ ಇದು ಗೊತ್ತಿರಲಿ. ನೀವು ಮಾಡಬಹುದಾದದ್ದು ಬೇರೆ. ಮೊದಲೇ ಇಬ್ಬರೂ ಒಪ್ಪಿಕೊಂಡ ಒಂದು ಸನ್ನೆ ಇರಲಿ. ಕೈ ಮುಖಕ್ಕೆ ಹೋದಾಗ ಭುಜ ಮುಟ್ಟಿ, ಒಂದು ಲೋಟ ಕಾಫಿ ಕೈಗೆ ಕೊಡಿ, ಅಥವಾ ‘ಬಾ, ಸ್ವಲ್ಪ ಓಡಾಡಿಕೊಂಡು ಬರೋಣ’ ಎನ್ನಿ. ಕಡಿಮೆಯಾದ ದಿನ ಅದನ್ನು ಗಮನಿಸಿ ಹೇಳಿ.

12. ಜಾರಿದ ದಿನವನ್ನು ಅಲ್ಲಿಗೇ ಮುಗಿಸಿ.
ಪರೀಕ್ಷೆ, ಮುಟ್ಟಿನ ಮುಂಚಿನ ದಿನಗಳು, ನಿದ್ದೆಗೆಟ್ಟ ರಾತ್ರಿ, ಈ ಹೊತ್ತುಗಳಲ್ಲಿ ಕೈ ಮತ್ತೆ ಹೋಗುತ್ತದೆ. ‘ಹೇಗೂ ಹಾಳಾಯಿತು’ ಎಂದು ಇಡೀ ಮುಖ ಕೀಳುವುದೇ ನಿಜವಾದ ನಷ್ಟ. ಒಂದು ಗಾಯಕ್ಕೆ ನಿಲ್ಲಿಸಿದರೆ ಅದೂ ಗೆಲುವೇ. ತೊಳೆದು, ಪ್ಯಾಚ್ ಹಚ್ಚಿ, ಆ ಜಾಗದಿಂದ ಎದ್ದು ಬನ್ನಿ.

ಯಾರಿಗೂ ಹೇಳಲಾಗುತ್ತಿಲ್ಲ ಎನ್ನುವವರು, ಬದುಕೇ ಬೇಡವೆನ್ನುವಷ್ಟು ಕುಗ್ಗಿರುವವರು 14416ಕ್ಕೆ ಕರೆ ಮಾಡಿ. ಅದು ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ-ಮಾನಸ್ ಸಹಾಯವಾಣಿ. ಕರೆಗೆ ದುಡ್ಡಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು.