ಮೇಘಾಳಿಗೆ, ಹಳೆಯ ಕ್ಯಾಲೆಂಡರ್ ಮಡಿಸಿಡುವ ಹೊತ್ತಿಗೆ

ಬೆಂಗಳೂರು
6 ಜನವರಿ 2025



ಹೊಸ ವರ್ಷದ ಹಿಂದಿನ ರಾತ್ರಿ ಫೋನಿನಲ್ಲಿ ನೀನು, "ಈ ವರ್ಷದಲ್ಲಿ ನೆನಪಿಟ್ಕೊಳ್ಳೋವಂಥದ್ದು ಏನೂ ಇಲ್ಲ ದೊಡ್ಡಮ್ಮ, ಬರೀ ತಲೆನೋವು, ಹಾಳಾಗಿ ಹೋಗ್ಲಿ" ಅಂದೆ. ಫೋನಿನಲ್ಲೇ ಉತ್ತರ ಹೇಳಿ ಮುಗಿಸಬಹುದಿತ್ತು. ಆದರೆ ಊರು ಬಿಟ್ಟು ಬಂದು, ಇಲ್ಲಿ ಪಿ.ಜಿ.ಯಲ್ಲಿದ್ದುಕೊಂಡು ಮೊದಲ ಕೆಲಸ ಮಾಡುತ್ತಿರುವ ನಿನ್ನಂಥ ಮಕ್ಕಳು ಇನ್ನೆಷ್ಟೋ ಜನ ಇದ್ದೀರಿ. ಅವರೂ ಓದಲಿ ಎಂದು ಕೂತು ಬರೆಯುತ್ತಿದ್ದೇನೆ. ಹಾಳಾಗಿ ಹೋಗಲು ಬಿಡಬೇಡ, ಮೇಘಾ. ಆ ತಲೆನೋವುಗಳನ್ನೆಲ್ಲ ತಾರೀಕಿನ ಸಮೇತ ನೆನಪಿಟ್ಟುಕೋ. ಮುಂದೆ ನಗುವುದಕ್ಕೆ ಬೇಕಾಗುತ್ತವೆ.

ನಮ್ಮ ಅಡುಗೆಮನೆ ಗೋಡೆಯ ಬೆಂಗಳೂರು ಪ್ರೆಸ್ ಕ್ಯಾಲೆಂಡರ್ ನಿನಗೆ ಗೊತ್ತು. ತಿಥಿ, ನಕ್ಷತ್ರ, ರಾಹುಕಾಲದ ಪಕ್ಕದಲ್ಲಿ ಉಳಿಯುವ ಅಂಗೈಯಗಲವೂ ಇಲ್ಲದ ಜಾಗದಲ್ಲಿ ಈ ಮನೆಯ ಚರಿತ್ರೆಯೆಲ್ಲ ಇರುತ್ತದೆ. ಸಿಲಿಂಡರ್ ಹಚ್ಚಿದ ದಿನ, ಹೆಚ್ಚಿಗೆ ಹಾಲು ತಗೊಂಡ ದಿನ, ಕೆಲಸದವರು ಬಾರದ ದಿನ, ಪೇಪರ್ ಬಾರದ ದಿನ. 2024ರದ್ದನ್ನು ಮೊಳೆಯಿಂದ ತೆಗೆದು ಮಡಿಸಿಡಬೇಕು ಅನ್ನುವಾಗ ಮಾರ್ಚ್ ಪುಟ ಕಣ್ಣಿಗೆ ಬಿತ್ತು. ಓದುತ್ತಾ ನಿಂತೆ. ನಿಮ್ಮ ದೊಡ್ಡಪ್ಪ ಕಾಫಿ ಲೋಟ ಹಿಡಿದುಕೊಂಡೇ ಬಂದರು. ಇಬ್ಬರೂ ಎಷ್ಟು ನಕ್ಕೆವೆಂದರೆ ಕಾಫಿ ಆರಿ ತಣ್ಣಗಾಯಿತು.

ಮಾರ್ಚ್ ಹೇಗಿತ್ತು ಅಂತ ನಿನಗೂ ಗೊತ್ತು, ನಿಮ್ಮ ಪಿ.ಜಿ.ಯಲ್ಲಿ ತಲೆಗೆ ಒಂದು ಬಕೆಟ್ ನೀರು ಅಂತ ಗೋಡೆಗೆ ಚೀಟಿ ಅಂಟಿಸಿದ್ದರಲ್ಲ. ನಗರದ ಸುಮಾರು 14,000 ಸರ್ಕಾರಿ ಕೊಳವೆಬಾವಿಗಳಲ್ಲಿ 6,900 ಬತ್ತಿಹೋಗಿವೆ ಎಂದು ಸರ್ಕಾರವೇ ಹೇಳಿತು. ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ. ಟ್ಯಾಂಕರಿಗೆ ದರ ನಿಗದಿಯಾಯಿತು: ಐದು ಕಿಲೋಮೀಟರ್ ಒಳಗಾದರೆ 6,000 ಲೀಟರಿಗೆ 600 ರೂಪಾಯಿ, 12,000 ಲೀಟರಿಗೆ 1,000. ದರವೇನೋ ನಿಗದಿಯಾಯಿತು, ಟ್ಯಾಂಕರ್ ಬರುವ ಹೊತ್ತನ್ನು ನಿಗದಿ ಮಾಡುವವರು ಯಾರೂ ಇರಲಿಲ್ಲ. ನನ್ನ ಕ್ಯಾಲೆಂಡರಿನಲ್ಲಿ ಸಾಲಾಗಿ ಹೀಗಿದೆ: "ನೀರಿಲ್ಲ." "ನೀರಿಲ್ಲ." "ಬರ್ತೀನಿ ಅಂದ." "ಬರಲಿಲ್ಲ." "ಬಂತು, ರಾತ್ರಿ 1.30."

ಆ ಒಂದೂವರೆಯ ಕಥೆ ನಿನಗೆ ಪೂರ್ತಿ ಹೇಳಿಲ್ಲ. ನಮ್ಮ ಎದುರು ಸಾಲಿನ ಎರಡು ಮನೆಯವರು ಗೇಟಿನ ಮುಂದೆ ಕಾರು ನಿಲ್ಲಿಸುವ ಜಗಳದಲ್ಲಿ ಮಾತು ಬಿಟ್ಟು ಎಷ್ಟೋ ವರ್ಷವಾಗಿತ್ತು. ಅವತ್ತು ಟ್ಯಾಂಕರ್ ಬೀದಿಯ ತುದಿಯಲ್ಲೇ ನಿಂತಿತು, ಒಳಗೆ ತಿರುಗಿಸಲು ಜಾಗವಿಲ್ಲ. ಟ್ಯಾಂಕರಿನ ಪೈಪು ಗಿಡ್ಡ. ಒಬ್ಬರ ಮನೆಯ ಪೈಪನ್ನು ಇನ್ನೊಬ್ಬರ ಪೈಪಿಗೆ ಜೋಡಿಸದೆ ಯಾರ ಸಂಪಿಗೂ ನೀರು ತಲುಪುವಂತಿಲ್ಲ. ಜೋಡಿಸಿದರು. ಆದರೆ ಮಾತಾಡುವ ಹಾಗಿಲ್ಲವಲ್ಲ! ಒಬ್ಬರು ಲುಂಗಿ ಎತ್ತಿ ಕಟ್ಟಿಕೊಂಡು, "ಅವರಿಗೆ ಹೇಳಪ್ಪಾ, ಆ ತುದಿ ಗಟ್ಟಿಯಾಗಿ ಹಿಡ್ಕೊಳ್ಳಲಿ" ಎಂದು ಟ್ಯಾಂಕರಿನ ಹುಡುಗನಿಗೆ ಹೇಳುವುದು. ಇನ್ನೊಬ್ಬರು ನಾಲ್ಕೇ ಅಡಿ ದೂರದಲ್ಲಿ ಅದೇ ಪೈಪು ಹಿಡಿದು ಕೂತವರು, "ಹಿಡ್ಕೊಂಡೇ ಇದೀವಿ ಅಂತ ಹೇಳಪ್ಪಾ" ಅನ್ನುವುದು. ಆ ಹುಡುಗ ಮಧ್ಯೆ ನಿಂತು ಇವರ ಮಾತು ಅವರಿಗೆ, ಅವರ ಮಾತು ಇವರಿಗೆ ಒಪ್ಪಿಸಿದ. ಕೊನೆಗೆ ಜೋಡಣೆ ಕಿತ್ತು ನೀರು ಚಿಮ್ಮಿ ಇಬ್ಬರೂ ತೊಯ್ದಾಗ, ಇಬ್ಬರ ಬಾಯಿಂದಲೂ ಒಟ್ಟಿಗೆ ಬಂದದ್ದು "ಅಯ್ಯೋ, ಬಿಡ್ಬೇಡಿ, ಬಿಡ್ಬೇಡಿ!" ನೇರವಾಗಿ ಒಬ್ಬರಿಗೊಬ್ಬರು ಆಡಿದ ಮಾತು. ಬೀದಿಗೆ ಬೀದಿಯೇ ನಗುವುದನ್ನು ನೋಡಿ ಅವರೂ ನಕ್ಕರು. ಈಗ ಅವರ ಮನೆ ಸಾರು ಇವರ ಮನೆಗೆ ಬರುವಷ್ಟಾಗಿದೆ. ಕಾರಿನ ಜಗಳ ಮಾತ್ರ ಹಾಗೇ ಇದೆ.

ಬಕೆಟ್ ಲೆಕ್ಕ ಹಾಕಿದ ಆ ಬೀದಿಯಲ್ಲೇ ಜೂನ್ 2ರಂದು ಮಳೆ ನೀರನ್ನು ಬಕೆಟಿನಲ್ಲಿ ತುಂಬಿ ಹೊರಗೆ ಸುರಿದೆವು. ಒಂದೇ ದಿನ 111 ಮಿಲಿಮೀಟರ್. ಜೂನ್ ತಿಂಗಳ ಮಟ್ಟಿಗೆ 133 ವರ್ಷಗಳ ದಾಖಲೆ ಮುರಿಯಿತು. ಅಕ್ಟೋಬರ್ 16ರ ಚೌಕ ನೋಡು. ಕಾವೇರಿ ಐದನೇ ಹಂತಕ್ಕೆ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಚಾಲನೆ ಸಿಕ್ಕಿದ್ದು ಅವತ್ತು, ದಿನಕ್ಕೆ 775 ದಶಲಕ್ಷ ಲೀಟರ್ ನೀರು ತರುವ ಯೋಜನೆ. ಮಳೆ ಜಾಸ್ತಿಯೆಂದು ನಗರದ ಶಾಲೆಗಳಿಗೆ ರಜೆ ಕೊಟ್ಟಿದ್ದೂ ಅವತ್ತೇ. ಹೊಳೆ ನೂರು ಕಿಲೋಮೀಟರ್ ದೂರದಿಂದ ಏರಿ ಬರುವ ದಿನವೇ ಆಕಾಶವೂ ಇಳಿದು ಬರಬೇಕೆ?

ಇನ್ನು ಹಾಲು. ಜೂನ್ 26ರಿಂದ ಅರ್ಧ ಲೀಟರ್ ಪ್ಯಾಕೆಟ್ 550 ಮಿ.ಲೀ. ಆಯಿತು, ಬೆಲೆ ಎರಡು ರೂಪಾಯಿ ಏರಿತು. ನಮ್ಮ ಹಾಲಿನ ಪಾತ್ರೆ ನಿನ್ನ ಅಜ್ಜಿಯ ಕಾಲದ್ದು, ಅರ್ಧ ಲೀಟರಿಗೆಂದೇ ಅಳೆದು ಮಾಡಿಸಿದ ಹಾಗಿದೆ. ಆ ಪಾತ್ರೆ ಬಿಟ್ಟು ಬೇರೆಯದರಲ್ಲಿ ಹಾಲು ಕಾಯಿಸಲು ನಿಮ್ಮ ದೊಡ್ಡಪ್ಪ ಸುತರಾಂ ಒಪ್ಪಲಿಲ್ಲ. ಜುಲೈ ಪುಟದ ತುಂಬ "ಹಾಲು ಉಕ್ಕಿತು", "ಮತ್ತೆ ಉಕ್ಕಿತು" ಎಂದೇ ಇದೆ. ಗೃಹಪ್ರವೇಶದ ದಿನ ಹಾಲು ಉಕ್ಕಿದರೆ ಮನೆಗೆ ಒಳ್ಳೆಯದು ಅನ್ನುತ್ತಾರೆ. ಹಾಗೆ ನೋಡಿದರೆ ನಮ್ಮ ಮನೆಯಲ್ಲಿ ಜುಲೈ ಪೂರ್ತಿ ಗೃಹಪ್ರವೇಶ.

ಇದನ್ನೆಲ್ಲ ಯಾಕೆ ಇಷ್ಟು ಬಿಡಿಸಿ ಹೇಳಿದೆನೆಂದರೆ, "ಹೋದ ವರ್ಷ ಬಹಳ ಕಷ್ಟವಾಯ್ತು" ಎಂಬ ಒಂದು ಸಾಲು ಓದಿ ನಾವು ನಗಲಿಲ್ಲ. ರಾತ್ರಿ ಒಂದೂವರೆ, ಗಿಡ್ಡ ಪೈಪು, ಎತ್ತಿ ಕಟ್ಟಿದ ಲುಂಗಿ, 50 ಮಿ.ಲೀ. ಹಾಲು ಇವು ನಗಿಸಿದವು. ಸಿಟ್ಟು ಬಂದಾಗ ನಾವೆಲ್ಲ ಒಟ್ಟಾರೆ ಮಾತಾಡುತ್ತೇವೆ: ಈ ಊರೇ ಸರಿಯಿಲ್ಲ, ಈ ಜನವೇ ಇಷ್ಟು, ನನ್ನ ಹಣೆಬರಹವೇ ಹೀಗೆ. ಆ ಮಾತಿನಿಂದ ಹೊರಗೆ ಬರಲು ದಾರಿ ಇರುವುದಿಲ್ಲ. ಏನಾಯಿತು ಅಂತ ಒಂದೊಂದೇ ಹೇಳಲು ಶುರುಮಾಡಿದರೆ, ಹೇಳುತ್ತಾ ಹೇಳುತ್ತಾ ನಮ್ಮ ಕಷ್ಟ ನಮ್ಮೊಬ್ಬರದೇ ಆಗಿರಲಿಲ್ಲ ಅನ್ನುವುದು ಕಾಣುತ್ತದೆ. ನನಗೆ ಬದುಕಲು ಕಲಿಸಿದ್ದು ಇದು, ಅದಕ್ಕೇ ನಿನಗೆ ಒತ್ತಿ ಹೇಳುತ್ತಿದ್ದೇನೆ.

ನಮ್ಮ ಭಾಷೆಯಲ್ಲಿ ಇದನ್ನು ಮಾಡಿ ತೋರಿಸಿದವರು ಇದ್ದಾರೆ. ಡಾ. ಎಂ. ಶಿವರಾಂ ಅಂತ ವೈದ್ಯರಿದ್ದರು, ರಾಶಿ ಎಂಬ ಹೆಸರಲ್ಲಿ ಬರೆಯುತ್ತಿದ್ದರು. 1942ರಲ್ಲಿ ಅವರು 'ಕೊರವಂಜಿ' ಎಂಬ ನಗೆ ಪತ್ರಿಕೆ ಶುರುಮಾಡಿದರು. ಆ ವರ್ಷ ಎಂಥದ್ದು ಅಂತ ಯೋಚಿಸು. ಎರಡನೆಯ ಮಹಾಯುದ್ಧ ನಡೆಯುತ್ತಿದೆ, ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಜನ ಜೈಲು ತುಂಬುತ್ತಿದ್ದಾರೆ, ಅಕ್ಕಿ, ಸೀಮೆಎಣ್ಣೆ, ಕಾಗದ ಎಲ್ಲದಕ್ಕೂ ಪರದಾಟ. ಅಂಥ ಹೊತ್ತಲ್ಲಿ ಒಬ್ಬ ಡಾಕ್ಟರು ನಗಿಸುವುದಕ್ಕೆಂದೇ ಪತ್ರಿಕೆ ತೆಗೆದರು, 1967ರವರೆಗೆ ನಡೆಸಿದರು. ಆರ್.ಕೆ. ಲಕ್ಷ್ಮಣ್ ಹುಡುಗನಾಗಿದ್ದಾಗ ಅದಕ್ಕೆ ಚಿತ್ರ ಬರೆದುಕೊಟ್ಟಿದ್ದಾರೆ. ಮುಂದೆ ಅದೇ ಶಿವರಾಂ ಮನಸ್ಸಿನ ಕಾಯಿಲೆಗಳ ಬಗ್ಗೆ 'ಮನಮಂಥನ' ಬರೆದರು, 1976ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಮನಸ್ಸಿಗೆ ಏನೇನಾಗುತ್ತದೆ ಎಂದು ಬಲ್ಲ ವೈದ್ಯರು ಜನರಿಗೆ ನಗು ಬೇಕು ಎಂದು ಅಷ್ಟು ವರ್ಷ ದುಡಿದದ್ದು ನನಗೆ ಬಹಳ ದೊಡ್ಡ ಮಾತಾಗಿ ಕಾಣುತ್ತದೆ. ಆ ಪತ್ರಿಕೆಯಲ್ಲೇ ಟಿ. ಸುನಂದಮ್ಮನವರು ಬರೆದರು. ಹೆಂಗಸರು ನಗೆಬರಹ ಬರೆಯುವುದೇ ಅಪರೂಪವಾಗಿದ್ದ ಕಾಲದಲ್ಲಿ ಅವರು ಅಡುಗೆಮನೆ, ನೆಂಟರು, ಮಕ್ಕಳು, ಗಂಡಸರ ಗಡಿಬಿಡಿ ಇವನ್ನೇ ಎತ್ತಿಕೊಂಡರು. ಹುಡುಕಿ ಓದು. ಯಾರ ಮನಸ್ಸನ್ನೂ ಚುಚ್ಚದೆ ಎಷ್ಟು ನಗಿಸಬಹುದು ಅನ್ನುವುದು ತಿಳಿಯುತ್ತದೆ.

ಆ ಚುಚ್ಚುವ ವಿಷಯಕ್ಕೇ ಬರುತ್ತೇನೆ, ಬೇಸರ ಮಾಡ್ಕೋಬೇಡ. ದೀಪಾವಳಿಗೆ ಬಂದಾಗ ನೀನು ಊಟ ತಂದುಕೊಡುವ ಹುಡುಗನ ಕಥೆ ಹೇಳಿದೆ. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಅವನು ಫೋನಿನಲ್ಲಿ ದಾರಿ ಕೇಳಿದ ರೀತಿ, ಅವನ ಕನ್ನಡ, ಅವನು "ಮೇಡಂ ಮೇಡಂ" ಎಂದದ್ದು, ಅದನ್ನೇ ನೀನು ಅಣಕಿಸಿ ತೋರಿಸಿದೆ. ಕೊಪ್ಪಳದ ಕಡೆಯ ಹುಡುಗ ಇರಬೇಕು, ಅವನದೂ ಊರು ಬಿಟ್ಟ ಮೊದಲ ವರ್ಷವೇ ಇರಬಹುದು. ಅವನನ್ನು ಸ್ವಲ್ಪ ಪಕ್ಕಕ್ಕಿಟ್ಟು ನಿನ್ನ ವಿಳಾಸ ನೋಡು: 2ನೇ 'ಬಿ' ಮೇನ್, 7ನೇ 'ಎ' ಕ್ರಾಸ್. ನೀನೇ ಹೇಳಿದ ಪ್ರಕಾರ ನಿಮ್ಮ 7ನೇ ಕ್ರಾಸ್ ಆದ ಮೇಲೆ 9ನೇ ಕ್ರಾಸ್ ಬರುತ್ತದೆ, 8ನೆಯದು ಪಾರ್ಕಿನ ಆಚೆಗಿದೆ, 7ನೇ 'ಎ' ಎಂಬುದು ಟ್ರಾನ್ಸ್‌ಫಾರ್ಮರ್ ಹಿಂದಿನ ಓಣಿ. ದಾರಿ ಹೇಳುವಾಗ ನೀನು "ಮುಂಚೆ ಬೇಕರಿ ಇತ್ತಲ್ಲ, ಅಲ್ಲಿ ತಿರುಗಿ" ಎಂದೆಯಂತೆ. ಆ ಬೇಕರಿ ಮುಚ್ಚಿದ್ದು ಅವನು ಈ ಊರಿಗೆ ಬರುವ ಮೊದಲು! ನೀವಿಬ್ಬರೂ ಒಂದೇ ಪಾರ್ಕಿನ ಎರಡು ಗೇಟಿನಲ್ಲಿ ನಿಂತು "ಎಲ್ಲಿದೀರ?", "ಪಾರ್ಕ್ ಹತ್ರ", "ನಾನೂ ಪಾರ್ಕ್ ಹತ್ರಾನೇ" ಎಂದು ಹುಡುಕಾಡಿದ್ದೀರಿ. ಈ ಕಥೆ ನೀನು ಹೇಳಿದ್ದಕ್ಕಿಂತ ಎಷ್ಟೋ ಚೆನ್ನಾಗಿದೆ. ಅವನ ಎದುರಿಗೇ ಹೇಳಬಹುದು, ಅವನೂ ನಗುತ್ತಾನೆ. ಕಥೆಯೊಳಗಿರುವವರು ಪಕ್ಕದಲ್ಲೇ ಕೂತು ಕೇಳಿದರೆ ನಗುತ್ತಾರೋ ಇಲ್ಲವೋ, ಅದೊಂದನ್ನು ನೋಡಿಕೊಂಡು ಹೇಳು.

ಇನ್ನೊಂದು. ಎಲ್ಲ ಕಿರಿಕಿರಿಯೂ ನಗುವುದಕ್ಕಲ್ಲ. ನಗುನಗುತ್ತಾ ನುಂಗಿಬಿಡಬಾರದ ಕೆಲವು ಇರುತ್ತವೆ. ಒ.ಟಿ.ಪಿ. ಬಾರದೆ ನೀನು ಸಿನಿಮಾ ತಪ್ಪಿಸಿಕೊಂಡರೆ ಅದು ಕಥೆ. ನಮ್ಮ ದೇವಸ್ಥಾನದ ಮುಂದೆ ಹೂ ಮಾರುವ ಅಜ್ಜಿಗೆ ಸಂಧ್ಯಾ ಸುರಕ್ಷಾ ಪಿಂಚಣಿ ತಿಂಗಳಿಗೆ 1,200 ರೂಪಾಯಿ ಬರುತ್ತಿತ್ತು. ಹೋದ ಸೆಪ್ಟೆಂಬರಿನಿಂದ ಬಂದಿಲ್ಲ. ಕೇಳಲು ಹೋದರೆ ಬೆರಳಚ್ಚು ಹೊಂದುತ್ತಿಲ್ಲ ಎಂದು ವಾಪಸು ಕಳಿಸುತ್ತಾರೆ. ಒದ್ದೆ ಬಾಳೆನಾರಿನಲ್ಲಿ ಆಯುಷ್ಯವೆಲ್ಲ ಹೂ ಕಟ್ಟಿದ ಬೆರಳು, ಅದರಲ್ಲಿ ಗೆರೆ ಎಲ್ಲಿ ಉಳಿದಿರುತ್ತದೆ? ಅಜ್ಜಿ ತನ್ನ ಬೆರಳನ್ನೇ ತೋರಿಸಿ ನಗುತ್ತಾಳೆ, ಅವಳು ಗಟ್ಟಿ ಜೀವ. ಆ ನಗು ಅವಳದು. ನಾನೂ ನೀನೂ ಅದರಲ್ಲಿ ಪಾಲು ತಗೊಂಡು ಸುಮ್ಮನಾಗುವ ಹಾಗಿಲ್ಲ. ಅಲ್ಲಿ ನಾವು ಮಾಡಬೇಕಾದದ್ದು ಅರ್ಜಿ ಬರೆಯುವುದು.

ಬರೆಯುವ ಕ್ರಮವನ್ನೂ ತಿಳಿದಿಟ್ಟುಕೋ. ನಿನಗೆ ಓದು ಬರಹ ಇದೆ, ಫೋನು ಇದೆ, ಅದು ನಾಲ್ಕು ಜನಕ್ಕೆ ಉಪಯೋಗವಾಗಬೇಕು. ಬಾಯಲ್ಲಿ ಕೇಳಿ ಬರಬೇಡ, ಕಾಗದದಲ್ಲಿ ಕೊಡು, ಸ್ವೀಕೃತಿ ಪಡೆ. ನಮ್ಮ ರಾಜ್ಯದಲ್ಲಿ 2012ರಿಂದ ಸಕಾಲ ಇದೆ. ಅದರ ಪಟ್ಟಿಯಲ್ಲಿರುವ ಯಾವ ಸೇವೆಗೆ ಅರ್ಜಿ ಕೊಟ್ಟರೂ 15 ಅಂಕಿಯ ಸಂಖ್ಯೆ ಇರುವ ಸ್ವೀಕೃತಿ ಕೊಡಬೇಕು, ಇಷ್ಟು ದಿನದೊಳಗೆ ಮಾಡಬೇಕು ಎಂದಿದೆ. ತಡವಾದರೆ ಮೇಲ್ಮನವಿ ಹಾಕಬಹುದು. ದಿನಕ್ಕೆ 20 ರೂಪಾಯಿಯಂತೆ ಹೆಚ್ಚೆಂದರೆ 500 ರೂಪಾಯಿ ಪರಿಹಾರವೂ ಕೇಳಬಹುದು. ಮೊತ್ತ ಸಣ್ಣದು. ಆದರೆ ಕೇಳುವ ಹಕ್ಕು ಕಾನೂನಿನಲ್ಲಿದೆ ಅನ್ನುವುದು ಸಣ್ಣದಲ್ಲ. ಕೌಂಟರಿನ ಮುಂದೆ ದನಿ ಏರಿಸುವುದಕ್ಕಿಂತ ಆ ಸಂಖ್ಯೆಯ ಚೀಟಿಯನ್ನು ಮೆತ್ತಗೆ ಮೇಜಿನ ಮೇಲಿಡುವುದು ಹೆಚ್ಚು ಕೆಲಸ ಮಾಡುತ್ತದೆ. ಕೌಂಟರಿನಲ್ಲಿ ಕೂತವರಿಗೂ ಅವತ್ತು ಸರ್ವರ್ ಕೈಕೊಟ್ಟಿರುತ್ತದೆ, ಅವರ ಮನೆಗೂ ಟ್ಯಾಂಕರ್ ಬಂದಿರುವುದಿಲ್ಲ ಎಂಬುದು ನೆನಪಿರಲಿ.

ಹೊಸ ಕ್ಯಾಲೆಂಡರ್ ಒಂದು ನಿನಗೂ ತಂದಿಟ್ಟಿದ್ದೇನೆ, ಪಿ.ಜಿ.ಯಲ್ಲಿ ಮೊಳೆ ಹೊಡೆಯಲು ಬಿಡದಿದ್ದರೆ ಕಪಾಟಿನ ಬಾಗಿಲಿಗೆ ಅಂಟಿಸಿಕೋ. 5ನೇ ತಾರೀಕಿನ ಚೌಕದಲ್ಲಿ ಬಸ್ ಚಾರ್ಜು ಶೇ 15 ಏರಿದ್ದು ನಾನಾಗಲೇ ಬರೆದಾಯಿತು. ಸಂಕ್ರಾಂತಿ 14ಕ್ಕೆ, ಮಂಗಳವಾರ. ನಿನಗೆ ರಜೆ ಸಿಗುತ್ತದೋ ಇಲ್ಲವೋ. ಎಳ್ಳು ಬೆಲ್ಲ, ಸಕ್ಕರೆ ಅಚ್ಚು ತೆಗೆದಿಟ್ಟಿರುತ್ತೇನೆ.

18ರ ಶನಿವಾರ ಮಾತ್ರ ತಪ್ಪಿಸಬೇಡ. ಎರಡನೇ, ನಾಲ್ಕನೇ ಶನಿವಾರ ಸರ್ಕಾರಿ ಕಚೇರಿ ಇರುವುದಿಲ್ಲ, ಇದು ಮೂರನೆಯದು. ಹೂವಿನ ಅಜ್ಜಿಯನ್ನು ಕರೆದುಕೊಂಡು ಹತ್ತೂವರೆಗೆಲ್ಲ ಪಿಂಚಣಿ ಕಚೇರಿಯಲ್ಲಿರಬೇಕು. ಅರ್ಜಿ ನಾನು ಬರೆದಿಟ್ಟಿದ್ದೇನೆ. ಅವಳ ಆಧಾರ್, ಪಾಸ್‌ಬುಕ್ ಎರಡರದ್ದೂ ಎರಡೆರಡು ಜೆರಾಕ್ಸ್ ನೀನು ಮಾಡಿಸಿಕೊಂಡು ಬಾ. ಪಾಸ್‌ಬುಕ್ಕಿನಲ್ಲಿ ಕೊನೆಯ ಸಲ ಹಣ ಬಿದ್ದ ಪುಟವೂ ಬೇಕು. ಅವುಗಳ ಫೋಟೊ ವಾಟ್ಸಾಪಿನಲ್ಲಿ ಕಳಿಸಿದ್ದೇನೆ.

ಇತಿ ನಿನ್ನ
ದೊಡ್ಡಮ್ಮ