ಟಿಕೆಟ್ ನಿನ್ನ ದುಡ್ಡಿನದೇ ಆಗಿರಲಿ

ಮಗೂ, ನೀನು ಸಿನಿಮಾ ನೋಡಿ ಬರೆದದ್ದನ್ನೆಲ್ಲ ನಿಮ್ಮಪ್ಪ ನನಗೆ ಕಳಿಸಿದ್ದ. ಕೂತು ಓದಿದೆ. ಇಲ್ಲೇ ಅಮೆರಿಕದಲ್ಲಿ ಹುಟ್ಟಿ ಬೆಳೆದ ನಿನ್ನ ಕನ್ನಡ ಇಷ್ಟು ಹದವಾಗಿರುವುದು ಕಂಡು ಹಿಗ್ಗಿದೆ. ಸಣ್ಣ ಚಿತ್ರಗಳನ್ನೇ ಹುಡುಕಿಕೊಂಡು ಹೋಗುತ್ತೀಯಲ್ಲ, ಅದು ಇನ್ನೂ ದೊಡ್ಡದು. ಆದರೆ ಅಷ್ಟೂ ಬರಹಗಳಲ್ಲಿ ಒಂದೇ ಒಂದು ಕಡೆಯೂ ‘ಇದು ಸರಿಬರಲಿಲ್ಲ’ ಎಂಬ ಮಾತಿಲ್ಲ. ಅದಕ್ಕೇ ಈ ಕಾಗದ.

ನಮ್ಮ ಬೇ ಏರಿಯಾಕ್ಕೆ ಸಣ್ಣ ಕನ್ನಡ ಚಿತ್ರ ಹೇಗೆ ಬರುತ್ತದೆಂದು ನಿನಗೆ ಗೊತ್ತು. ವಾರವಿಡೀ ಆಫೀಸಿನಲ್ಲಿ ದುಡಿಯುವ ನಾಲ್ಕು ಜನ ಸ್ನೇಹಿತರು ಕೈಯಿಂದ ದುಡ್ಡು ಹಾಕಿ, ಫ್ರೀಮಾಂಟಿನಲ್ಲೋ ಸಾಂತಾ ಕ್ಲಾರಾದಲ್ಲೋ ಶನಿವಾರಕ್ಕೆ ಒಂದು ಷೋ ಹಿಡಿಯುತ್ತಾರೆ. ವಾಟ್ಸಾಪ್ ಗುಂಪುಗಳಲ್ಲಿ ಸಾರುತ್ತಾರೆ, ಬಾಗಿಲಲ್ಲಿ ನಿಂತು ಬರಮಾಡಿಕೊಳ್ಳುತ್ತಾರೆ. ನಿರ್ದೇಶಕರು ಬಂದಿದ್ದರೆ ರಾತ್ರಿ ಊಟ ಯಾರದಾದರೂ ಮನೆಯಲ್ಲಿ. ಹೊಟ್ಟೆ ತುಂಬ ಬಿಸಿಬೇಳೆಬಾತ್ ಉಂಡು ಬಂದು ‘ಮಧ್ಯಂತರದ ನಂತರ ಚಿತ್ರ ಸೋತಿದೆ’ ಎಂದು ಬರೆಯಲು ಕೈ ಏಳುವುದಿಲ್ಲ. ದುಡ್ಡಿನ ಹಂಗನ್ನು ದೂರವಿಡಬಹುದು, ಉಪ್ಪಿನ ಋಣ ಹಾಗಲ್ಲ. ಆದ್ದರಿಂದ ಪಾಸ್ ಕೊಟ್ಟರೆ ನಯವಾಗಿ ಬೇಡವೆನ್ನು. ಟಿಕೆಟ್ ನೀನೇ ಕೊಂಡುಕೋ. ಊಟಕ್ಕೆ ಕರೆದರೆ, ಬರೆದು ಮುಗಿಸಿದ ಮೇಲೆ ಹೋಗು. ಆಗಲೂ ಕರೆಯುವವರು ನಿಜವಾದ ಸ್ನೇಹಿತರು.

ಬರುವುದೇ ಬೆರಳೆಣಿಕೆಯ ಚಿತ್ರಗಳು, ಅವುಗಳಲ್ಲೂ ತಪ್ಪು ಹುಡುಕಬೇಕೇ ದೊಡ್ಡಪ್ಪಾ, ಅಂತ ನೀನು ಕೇಳಬಹುದು. ಮೌಂಟನ್ ಹೌಸ್ ಊರಿನಲ್ಲಿರುವ ಒಂದು ಸಂಸಾರವನ್ನು ನೆನೆದುಕೋ. ಮಗುವನ್ನು ಯಾರದೋ ಮನೆಯಲ್ಲಿ ಬಿಟ್ಟು, ಆಲ್ಟಮಾಂಟ್ ಗುಡ್ಡ ದಾಟಿ, ನಿನ್ನ ಮಾತು ನಂಬಿ ಫ್ರೀಮಾಂಟಿಗೆ ಬರುತ್ತಾರೆ. ಚಿತ್ರ ಸಾಧಾರಣವಾಗಿರುತ್ತದೆ. ಇನ್ನೊಂದು ಸಲವೂ ಹಾಗೇ ಆದರೆ ಮೂರನೆಯ ಸಲ ಅವರು ಬರುವುದಿಲ್ಲ. ಆ ಮೂರನೆಯದೇ ನಿಜವಾಗಿ ಚೆನ್ನಾಗಿರುವ ಚಿತ್ರವಾಗಿದ್ದರೆ? ಖಾಲಿ ಕುರ್ಚಿಗಳ ಮುಂದೆ ಅದು ಓಡಿ ಹೋಗುತ್ತದೆ. ಉಪಕಾರ ಮಾಡುತ್ತೇನೆಂದು ನೀನು ಹೊಗಳಿದ್ದು ಒಳ್ಳೆಯ ಚಿತ್ರಕ್ಕೇ ಮುಳುವಾಗುತ್ತದೆ.

ದಾಕ್ಷಿಣ್ಯಕ್ಕೆ ಬೀಳದೆ ಬರೆದವರು ನಮ್ಮ ಸುತ್ತಲೇ ಇದ್ದರು. ನಿಮ್ಮ ಮನೆಗೆ ಹತ್ತಿರದ ನೈಲ್ಸ್‌ನಲ್ಲಿ ಎಸ್ಸನೆ ಸಿನಿಮಾ ಕಂಪನಿಯ ಸ್ಟುಡಿಯೋ ಇತ್ತು. 1915ರಲ್ಲಿ ಚಾಪ್ಲಿನ್ ಅಲ್ಲಿ ‘ದಿ ಟ್ರ್ಯಾಂಪ್’ ಮಾಡಿದ. 1952ರಲ್ಲಿ ಇದೇ ದೇಶ ಅವನು ಮರಳಿ ಬರುವ ಪರವಾನಗಿಯನ್ನು ರದ್ದುಮಾಡಿತು. ಅನ್ಯಾಯಕ್ಕೊಳಗಾದ ಕಲಾವಿದನ ಬಗ್ಗೆ ಮೆತ್ತಗೆ ಬರೆಯುವುದು ಸಹಜ. ಆದರೆ 1953ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ‘ಸಿಟಿ ಲೈಟ್ಸ್’ ಎಂಬ ಸಣ್ಣ ಪತ್ರಿಕೆಗೆ ವಿಮರ್ಶಕಿ ಪಾಲೀನ್ ಕೇಲ್ ತಮ್ಮ ಮೊದಲ ವಿಮರ್ಶೆ ಬರೆದದ್ದು ಚಾಪ್ಲಿನ್ನನ ‘ಲೈಮ್‌ಲೈಟ್’ ಕುರಿತು, ಅದೂ ಖಾರವಾಗಿ. ಪೆಟಲೂಮಾದಲ್ಲಿ ಹುಟ್ಟಿದ ಹೆಣ್ಣುಮಗಳು. ಮುಂದೆ ಬರ್ಕ್ಲಿಯ ಟೆಲಿಗ್ರಾಫ್ ಅವೆನ್ಯೂದಲ್ಲಿ ಪುಟ್ಟ ಚಿತ್ರಮಂದಿರ ನಡೆಸಿದರು, ಅಲ್ಲಿ ತೋರಿಸುವ ಚಿತ್ರಗಳಿಗೆ ತಾವೇ ಟಿಪ್ಪಣಿ ಬರೆದರು. ಕೆಪಿಎಫ್‌ಎ ರೇಡಿಯೋದಲ್ಲಿ ಸಂಬಳವಿಲ್ಲದೆ ವಿಮರ್ಶೆ ಮಾಡಿದರು. ‘ನ್ಯೂಯಾರ್ಕರ್’ ಪತ್ರಿಕೆ ಅವರನ್ನು ಸೇರಿಸಿಕೊಳ್ಳುವ ಹೊತ್ತಿಗೆ 1968 ಆಗಿತ್ತು. ಲೈಮ್‌ಲೈಟ್ ನನಗೆ ಬಲು ಇಷ್ಟದ ಚಿತ್ರ; ಕೇಲ್ ಅವರ ತೀರ್ಪು ಇವತ್ತಿಗೂ ಒಪ್ಪಿಗೆಯಿಲ್ಲ. ಆದರೂ ಅವರನ್ನು ನಂಬುತ್ತೇನೆ, ಯಾಕೆಂದರೆ ಯಾರ ಮುಖ ನೋಡಿಯೂ ಅವರು ಬರೆದವರಲ್ಲ.

ಇನ್ನು ಬರೆಯುವ ರೀತಿ. ‘ಮನಮುಟ್ಟುವ’, ‘ನೋಡಲೇಬೇಕಾದ’, ‘ಸಹಜ ಅಭಿನಯ’ ಎಂಬ ಮಾತುಗಳನ್ನು ಕೆಲವು ಕಾಲ ಪಕ್ಕಕ್ಕಿಡು. ಅವು ಯಾವ ಚಿತ್ರಕ್ಕಾದರೂ ಹೊಂದುತ್ತವೆ. ಜೈಶಂಕರ್ ಆರ್ಯರ್ ಅವರ ‘ಶಿವಮ್ಮ’ವನ್ನೇ ತೆಗೆದುಕೋ. 2022ರಲ್ಲಿ ಬೂಸಾನ್ ಚಿತ್ರೋತ್ಸವದ ನ್ಯೂ ಕರೆಂಟ್ಸ್ ಪ್ರಶಸ್ತಿ ಪಡೆದ ಚಿತ್ರ. ಕತೆ ನಡೆಯುವುದು ಕೊಪ್ಪಳ ಜಿಲ್ಲೆಯ ಯರೇಹಂಚಿನಾಳದಲ್ಲಿ. ಸರ್ಕಾರಿ ಶಾಲೆಯಲ್ಲಿ ಬಿಸಿಯೂಟ ಬೇಯಿಸುವ ಹೆಂಗಸು ಇದ್ದಬದ್ದ ದುಡ್ಡನ್ನು ನೆಟ್‌ವರ್ಕ್ ಮಾರ್ಕೆಟಿಂಗಿಗೆ ಸುರಿದು, ಶಕ್ತಿವರ್ಧಕ ಪುಡಿಯನ್ನು ಓಣಿಯವರಿಗೂ ನೆಂಟರಿಗೂ ಮಾರಲು ಹೊರಡುತ್ತಾಳೆ. ಬೂಸಾನಿನ ತೀರ್ಪುಗಾರರಿಗೆ ಇದು ದೂರದ ಹಳ್ಳಿಯ ಕತೆ. ನಿನಗೆ ಹಾಗಲ್ಲ. ಇಂಡಿಯನ್ ಅಂಗಡಿಯಲ್ಲಿ ಅಕ್ಕಿ ಮೂಟೆ ಎತ್ತುತ್ತಿದ್ದಾಗ ಯಾರೋ ನಗುತ್ತ ಬಂದು, ಯಾವ ಊರಿನವರು ಅಂತ ವಿಚಾರಿಸಿ, ಎರಡನೆಯ ಮಾತಿಗೇ ‘ಒಂದು ಬಿಸಿನೆಸ್ ಇದೆ’ ಎನ್ನುವುದನ್ನು ನೀನು ನೋಡಿಲ್ಲವೇ? ಶಿವಮ್ಮ ಗುರುತಿನವರ ಮುಂದೆ ಪುಡಿಯ ಗುಣಗಾನ ಮಾಡುವಾಗ ಅವಳ ದನಿಯಲ್ಲಿರುವುದು ಅದೇ ನಂಬಿಕೆ, ಅದೇ ಆತುರ. ಇಂಥ ಚಿತ್ರ ಕೈಗೆ ಬಂದಾಗ ಈ ಹೋಲಿಕೆಯನ್ನು ಬರೆ. ಸನ್ನಿವೇಲ್‌ನಲ್ಲಿ ಕೂತ ಓದುಗ ಕೊಪ್ಪಳದ ಶಿವಮ್ಮನನ್ನು ಆಗ ತನ್ನವಳೆಂದು ಗುರುತಿಸುತ್ತಾನೆ. ಕೊಪ್ಪಳ ಕಡೆಯ ಮಾತಿನ ಬಿರುಸು ಕಿವಿಗೆ ಹೇಗೆ ಬಿತ್ತು, ಅದನ್ನೂ ಹೇಳು.

ಚಿತ್ರ ಮುಗಿದ ಕೂಡಲೇ ಗೆಳೆಯರ ಗುಂಪಿಗೆ ಸೇರಬೇಡ. ಕಾರಿನಲ್ಲಿ ಕೂತು ನೆನಪಿಗೆ ಬಂದದ್ದನ್ನು ಗೀಚಿಕೋ. ಅಂದು ರಾತ್ರಿಯೇ ಬರೆದು ಮುಗಿಸು. ಭಾನುವಾರ ಇನ್ನೊಂದು ಷೋ ಇದ್ದರೆ ನಾಲ್ಕು ಜನಕ್ಕಾದರೂ ಉಪಯೋಗವಾದೀತು. ಸೋತದ್ದನ್ನು ಹೇಳುವಾಗ ಯಾವ ದೃಶ್ಯ, ಯಾಕೆ ಅಂತ ಹೇಳು. ಕುಹಕ ಬೇಡ. ಮನೆ ಅಡವಿಟ್ಟು ಚಿತ್ರ ಮಾಡಿದವರೂ ಇರುತ್ತಾರೆ. ಅರ್ಧಕ್ಕೆ ಎದ್ದು ಬಂದಿದ್ದರೆ ಬರೆಯಲೇಬೇಡ.

ಹಳೆಯದನ್ನೂ ಮರೆಯಬೇಡ. ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ ಸ್ವರ್ಣಕಮಲ ಪಡೆದದ್ದು 1977ರ ಅತ್ಯುತ್ತಮ ಚಿತ್ರವಾಗಿ. ಹೊಸದಾಗಿ ಸಂಸ್ಕರಿಸಿದ ಪ್ರತಿ 2024ರಲ್ಲಿ ವೆನಿಸ್ ಉತ್ಸವದಲ್ಲಿ ತೆರೆ ಕಂಡಿತು. ಸಂಸ್ಕರಣೆಯ ಖರ್ಚು ಕೊಟ್ಟದ್ದು ನಮ್ಮ ಪಕ್ಕದ ಮರಿನ್ ಕಡೆಯಲ್ಲಿ ಸ್ಟುಡಿಯೋ ಕಟ್ಟಿದ ಜಾರ್ಜ್ ಲ್ಯೂಕಾಸ್ ದಂಪತಿಯ ಪ್ರತಿಷ್ಠಾನ. ಆ ಚಿತ್ರವನ್ನು ನೋಡಿದರೆ ವಿಧವೆಯರ ಪಾಡಿನ ಬಗ್ಗೆ ಉಪನ್ಯಾಸ ಬರೆಯಬೇಡ. ಅದರಲ್ಲಿರುವ ಪುಟ್ಟ ಹುಡುಗ ನಾಣಿಯ ಹಿಂದೆ ಹೋಗು. ಕೊನೆಯಲ್ಲಿ ಅಪ್ಪ ಅವನನ್ನು ಕರೆದುಕೊಂಡು ಹೊರಟಾಗ, ತಲೆ ಬೋಳಿಸಿಕೊಂಡು ಮರದಡಿ ಕೂತ ವಿಧವೆ ಯಮುನಕ್ಕನನ್ನು ಅವನು ನೋಡುತ್ತಾನಲ್ಲ, ಆ ಹುಡುಗನಿಗೆ ಏನು ತಿಳಿಯಿತು, ಏನು ತಿಳಿಯಲಿಲ್ಲ ಎಂಬುದರ ಮೇಲೆ ಒಂದು ಇಡೀ ಬರಹ ನಿಲ್ಲುತ್ತದೆ.

ಪ್ರೇಮಾ ಕಾರಂತರ ‘ಫಣಿಯಮ್ಮ’ದಂಥ ಚಿತ್ರದ ಹೆಸರೂ ನಿನ್ನ ವಯಸ್ಸಿನವರಿಗೆ ಗೊತ್ತಿಲ್ಲ. ಬರ್ಕ್ಲಿಯಲ್ಲಿ ಬಾರ್ಟ್ ರೈಲು ಇಳಿದು ಎರಡು ಹೆಜ್ಜೆ ನಡೆದರೆ ಹಳೆಯ ಚಿತ್ರಗಳನ್ನು ತೋರಿಸುವ ಪೆಸಿಫಿಕ್ ಫಿಲ್ಮ್ ಆರ್ಕೈವ್ ಸಿಗುತ್ತದೆ. ಇಂಥ ಕನ್ನಡ ಚಿತ್ರಗಳನ್ನು ಯಾಕೆ ತೋರಿಸಬೇಕೆಂದು ಅವರಿಗೆ ಒಂದು ಪುಟ ಬರೆದುಕೊಡು. ಕರಡು ಮೊದಲು ನನಗೆ ಕಳಿಸು, ಜೊತೆಗೆ ಕೂತು ತಿದ್ದೋಣ.