ಹರಕೆಯ ದಾರಿ, ಪಾದದ ಕಾಳಜಿ: ವೇಳಾಂಕಣಿ ಪಾದಯಾತ್ರೆಗೆ ಸಿದ್ಧತೆ



ಆಗಸ್ಟ್ 29ರಂದು ವೇಳಾಂಕಣಿಯಲ್ಲಿ ಆರೋಗ್ಯ ಮಾತೆಯ ಹಬ್ಬದ ಧ್ವಜಾರೋಹಣ. ಸೆಪ್ಟೆಂಬರ್ 8ರಂದು ಮಾತೆಯ ಜನನದ ಹಬ್ಬ. ಈ ದಿನಗಳಿಗೆ ಸರಿಯಾಗಿ ತಲುಪಬೇಕೆಂದು ಕಾವಿ ಬಟ್ಟೆ ಉಟ್ಟು, ಜಪಸರ ಹಿಡಿದು, ಬೆಂಗಳೂರಿನಿಂದ ಹೊಸೂರು ದಾರಿಯಾಗಿ ನಡೆದು ಹೋಗುವವರು ಪ್ರತಿ ವರ್ಷವೂ ಇದ್ದಾರೆ. ಮಗುವಿನ ಕಾಯಿಲೆ, ಮಗಳ ಮದುವೆ, ಗಂಡನ ಕುಡಿತ, ಹೀಗೆ ಒಬ್ಬೊಬ್ಬರದು ಒಂದೊಂದು ಹರಕೆ.

ಆದರೆ ಹೊರಡುವ ಮುಂಚೆ ಎರಡು ಮಾತು ಕೇಳಿಬರುತ್ತದೆ. ಒಂದು, "ದಿನಾ ನಡೀತಾನೇ ಇರ್ತೀವಲ್ಲ, ನಮಗೇನು ತಯಾರಿ?" ಇನ್ನೊಂದು, "ಮಾತೆಗೆ ಮಾತು ಕೊಟ್ಟಿದ್ದೀನಿ, ಕಾಲು ಹೋದರೂ ಹೋಗಲಿ." ಎರಡೂ ಸರಿಯಲ್ಲ. ಏಕೆ ಎಂದು ಈ ಪಾಠದಲ್ಲಿ ತಿಳಿಯೋಣ.

1. ಮೊದಲು ಲೆಕ್ಕ

ಬೆಂಗಳೂರಿನಿಂದ ವೇಳಾಂಕಣಿಗೆ 400 ಕಿ.ಮೀ.ಗೂ ಹೆಚ್ಚು. ದಿನಕ್ಕೆ 25 ಕಿ.ಮೀ. ನಡೆದರೆ 16 ದಿನಕ್ಕೂ ಮೇಲೆ ಬೇಕು. ನಡುವೆ ವಿಶ್ರಾಂತಿಯ ದಿನಗಳೂ ಇರಲಿ. ಅಷ್ಟು ದಿನ ಆಗುವುದಿಲ್ಲ ಎನ್ನುವವರು ತಂಜಾವೂರಿನವರೆಗೆ ಬಸ್ಸು ಅಥವಾ ರೈಲಿನಲ್ಲಿ ಹೋಗಿ, ಅಲ್ಲಿಂದ ಉಳಿದ ಸುಮಾರು 90ರಿಂದ 100 ಕಿ.ಮೀ. ನಡೆಯಬಹುದು. ನಾಲ್ಕೈದು ದಿನ ಸಾಕು. ದೂರ ಕಡಿಮೆಯಾದರೆ ಭಕ್ತಿ ಕಡಿಮೆಯಾಗುವುದಿಲ್ಲ.

2. ಕಾಲಿನ ಉಳಿತಾಯ

ಹೊಲ, ಮನೆ, ಗಾರ್ಮೆಂಟ್ಸ್ ಕೆಲಸದಲ್ಲಿ ನಾವು ಓಡಾಡುತ್ತೇವೆ, ನಿಜ. ಆದರೆ ಡಾಂಬರಿನ ಮೇಲೆ ಒಂದೇ ಸಮನೆ ಆರು ಗಂಟೆ ನಡೆಯುವುದು ಬೇರೆ. ಸಂಘದಲ್ಲಿ ವಾರವಾರ ಸ್ವಲ್ಪ ಸ್ವಲ್ಪ ಉಳಿಸುವ ಹಾಗೆ ಕಾಲಿನ ಶಕ್ತಿಯನ್ನೂ ಉಳಿಸಬೇಕು. ಎರಡು ಮೂರು ತಿಂಗಳು ಮೊದಲೇ ವಾರಕ್ಕೆ ಮೂರು ದಿನ 3 ಕಿ.ಮೀ. ಶುರು ಮಾಡಿ. ನಿಧಾನವಾಗಿ ಹೆಚ್ಚಿಸಿ. ಕೊನೆಯ ವಾರಗಳಲ್ಲಿ ಶನಿವಾರ, ಭಾನುವಾರ ಎರಡೂ ದಿನ 15 ಕಿ.ಮೀ. ನಡೆದು ನೋಡಿ. ಎರಡನೆಯ ದಿನ ಕಾಲು ಏನು ಹೇಳುತ್ತದೋ ಅದೇ ನಿಜವಾದ ಪರೀಕ್ಷೆ. ಯಾತ್ರೆಗೆ ಹಾಕುವ ಚಪ್ಪಲಿ, ಹೊರುವ ಚೀಲ ಇವುಗಳನ್ನೇ ಆಗಲೂ ಬಳಸಿ.

3. ಚಪ್ಪಲಿ ಮತ್ತು ಬೊಬ್ಬೆ

ಹೊಸ ಚಪ್ಪಲಿ ಹಾಕಿಕೊಂಡು ಹೊರಡಬೇಡಿ. ಹಿಂದೆ ಪಟ್ಟಿ ಇರುವ, ಕಾಲಿಗೆ ಪಳಗಿದ ಚಪ್ಪಲಿ ಅಥವಾ ಶೂ ಇರಲಿ. ನಡೆದಂತೆ ಪಾದ ಊದಿಕೊಳ್ಳುವುದರಿಂದ ಸ್ವಲ್ಪ ಸಡಿಲವಾಗಿದ್ದರೆ ಒಳ್ಳೆಯದು. ಶೂ ಹಾಕುವವರು ಎರಡು ಮೂರು ಜೊತೆ ಕಾಲುಚೀಲ ಇಟ್ಟುಕೊಳ್ಳಿ. ಒದ್ದೆಯಾದ ಕಾಲುಚೀಲವೇ ಬೊಬ್ಬೆಗೆ ಕಾರಣ.

ಪಾದದಲ್ಲಿ ಎಲ್ಲಾದರೂ ಉರಿ ಅನ್ನಿಸಿದ ಕೂಡಲೇ ನಿಲ್ಲಿ, ಅಲ್ಲಿಗೆ ಪ್ಲಾಸ್ಟರ್ ಅಂಟಿಸಿ. "ಮುಂದಿನ ಊರಲ್ಲಿ ನೋಡೋಣ" ಅಂದರೆ ಅಷ್ಟರಲ್ಲಿ ಬೊಬ್ಬೆ ಎದ್ದಿರುತ್ತದೆ. ಬೊಬ್ಬೆಯ ಚರ್ಮ ಕೀಳಬೇಡಿ. ಸೋಪು ನೀರಿನಲ್ಲಿ ತೊಳೆದು, ಒರೆಸಿ, ಶುದ್ಧ ಬಟ್ಟೆ ಕಟ್ಟಿ. ತೊಡೆ ಉಜ್ಜಿ ಉರಿಯದಂತೆ ಬೆಳಿಗ್ಗೆಯೇ ವ್ಯಾಸಲಿನ್ ಹಚ್ಚಿಕೊಳ್ಳಿ.

ಸಕ್ಕರೆ ಕಾಯಿಲೆ ಇರುವವರು ಬರಿಗಾಲಿನಲ್ಲಿ ನಡೆಯಲೇಬಾರದು. ಅವರಿಗೆ ಪಾದದ ಸ್ಪರ್ಶಜ್ಞಾನ ಕಡಿಮೆ ಇರಬಹುದು, ಗಾಯವಾದರೂ ಗೊತ್ತಾಗುವುದಿಲ್ಲ. ಪ್ರತಿ ರಾತ್ರಿ ಜೊತೆಯವರಿಂದ ಪಾದದ ಅಡಿಯನ್ನು ನೋಡಿಸಿಕೊಳ್ಳಿ. ಹೊರಡುವ ಮುಂಚೆ ಡಾಕ್ಟರನ್ನು ಕಂಡು, ಮಾತ್ರೆ ಹೇಗೆ ತೆಗೆದುಕೊಳ್ಳಬೇಕೆಂದು ಕೇಳಿ. ಊಟ ಬಿಡಬೇಡಿ. ಸೊಂಟದ ಚೀಲದಲ್ಲಿ ಸಕ್ಕರೆ ಅಥವಾ ಸಿಹಿ ಮಿಠಾಯಿ ಇರಲಿ. ಬಿ.ಪಿ. ಇರುವವರು, ಗರ್ಭಿಣಿಯರು ಸಹ ಡಾಕ್ಟರ ಸಲಹೆ ಇಲ್ಲದೆ ಹೊರಡಬೇಡಿ.

4. ಹೇಳಿಕೊಳ್ಳಲು ನಾಚುವ ವಿಷಯ

ದಾರಿಯಲ್ಲಿ ಶೌಚಾಲಯ ಸಿಗುವುದಿಲ್ಲ ಅಂತ ನಮ್ಮಲ್ಲಿ ಬಹಳ ಜನ ನೀರೇ ಕುಡಿಯುವುದಿಲ್ಲ. ತಲೆಸುತ್ತು, ಉರಿಮೂತ್ರ ಶುರುವಾಗುವುದು ಇದರಿಂದಲೇ. ಮೂತ್ರ ಗಾಢ ಹಳದಿಯಾಗಿದ್ದರೆ ನೀರು ಸಾಲದು ಎಂದು ತಿಳಿಯಿರಿ. ಪೆಟ್ರೋಲ್ ಬಂಕ್, ಬಸ್ ನಿಲ್ದಾಣ, ಚರ್ಚ್ ಎಲ್ಲೆಲ್ಲಿ ಸಿಗುತ್ತವೆ ಎಂದು ಮೊದಲೇ ಕೇಳಿಟ್ಟುಕೊಂಡು, ಅದಕ್ಕೆ ತಕ್ಕಂತೆ ನಿಲ್ಲುವ ಜಾಗ ಗುರುತು ಮಾಡಿ. ಒಬ್ಬೊಬ್ಬರೇ ಹೋಗಬೇಡಿ, ಇಬ್ಬರಾಗಿ ಹೋಗಿ.

ಬೆವರು ಹೆಚ್ಚಾಗಿ ಸುಸ್ತಾದರೆ, ಅಥವಾ ಭೇದಿಯಾದರೆ, ಓ.ಆರ್.ಎಸ್. ಕುಡಿಯಿರಿ. ಪ್ಯಾಕೆಟ್ ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಸಣ್ಣ ಚಮಚದಲ್ಲಿ ಮಟ್ಟವಾಗಿ 6 ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಉಪ್ಪು ಇದಕ್ಕಿಂತ ಹೆಚ್ಚಾಗಬಾರದು. ಸಕ್ಕರೆ ಕಾಯಿಲೆ, ಬಿ.ಪಿ. ಇರುವವರು ಇದರ ಬಗ್ಗೆಯೂ ಡಾಕ್ಟರನ್ನು ಕೇಳಿಟ್ಟುಕೊಳ್ಳಿ.

ಮುಟ್ಟಾದರೆ ಯಾತ್ರೆಗೆ ಬರಬಾರದು, ಬಲಿಪೂಜೆಗೆ ಹೋಗಬಾರದು ಎಂಬ ನಿಯಮ ನಮ್ಮ ಧರ್ಮಸಭೆಯಲ್ಲಿ ಇಲ್ಲ. ಪ್ಯಾಡ್ ಅಥವಾ ಒಗೆದು ಒಣಗಿಸಿದ ಬಟ್ಟೆ ಜೊತೆಗಿರಲಿ. ಮುಟ್ಟು ಮುಂದೂಡುವ ಮಾತ್ರೆಯನ್ನು ಅಂಗಡಿಯಲ್ಲಿ ಕೇಳಿ ನುಂಗಬೇಡಿ.

5. ರಸ್ತೆಯ ಶಿಸ್ತು

ಬೆಳಕು ಹರಿಯುವ ಹೊತ್ತಿಗೆ ಹೊರಟು ಬಿಸಿಲೇರುವ ಮುಂಚೆ ನಿಲ್ಲಿ. ಮತ್ತೆ ಸಂಜೆ 4ರಿಂದ ಕತ್ತಲಾಗುವವರೆಗೆ ನಡೆಯಿರಿ. ಕಾಲುದಾರಿ ಇಲ್ಲದ ಕಡೆ ರಸ್ತೆಯ ಬಲಬದಿಯಲ್ಲಿ, ಎದುರಿನಿಂದ ಬರುವ ವಾಹನ ಕಾಣುವಂತೆ, ಒಬ್ಬರ ಹಿಂದೆ ಒಬ್ಬರು ಸಾಲಾಗಿ ನಡೆಯಿರಿ. ಕಾವಿ ಸೀರೆ ಕತ್ತಲಲ್ಲಿ ಲಾರಿಯವರಿಗೆ ಸರಿಯಾಗಿ ಕಾಣುವುದಿಲ್ಲ. ಚೀಲಕ್ಕೆ ಹೊಳೆಯುವ ಪಟ್ಟಿ ಅಂಟಿಸಿ, ಮೊದಲಿನವರು ಮತ್ತು ಕೊನೆಯವರು ಟಾರ್ಚ್ ಹಿಡಿಯಲಿ. ರಸ್ತೆ ಬದಿಯಲ್ಲಿ ಮಲಗಬೇಡಿ.

ಗುಂಪಿನ ವೇಗವನ್ನು ಎಲ್ಲರಿಗಿಂತ ನಿಧಾನವಾಗಿ ನಡೆಯುವವರು ತೀರ್ಮಾನಿಸಲಿ. ಯಾರನ್ನೂ ಹಿಂದೆ ಬಿಡಬೇಡಿ. ತುರ್ತು ಸಮಯದಲ್ಲಿ ಆಂಬುಲೆನ್ಸ್‌ಗೆ 108, ಪೊಲೀಸ್ ಸಹಾಯಕ್ಕೆ 112. ಕರ್ನಾಟಕ, ತಮಿಳುನಾಡು ಎರಡರಲ್ಲೂ ಇವೇ ನಂಬರು.

6. ಹಣ ಮತ್ತು ಮನೆ

ಯಾತ್ರೆಗೆ ಸಾಲ ಮಾಡಬೇಡಿ. ವಾರಕ್ಕೆ 50 ರೂಪಾಯಿಯಂತೆ 30 ವಾರ ತೆಗೆದಿಟ್ಟರೆ 1,500 ರೂಪಾಯಿ ಆಗುತ್ತದೆ. ಇದನ್ನು ಸಂಘದ ಉಳಿತಾಯದ ಜೊತೆ ಸೇರಿಸದೆ ಬೇರೆ ಪುಸ್ತಕದಲ್ಲಿ ಬರೆಯಿರಿ. ಹೊರಡುವ ಮುಂಚೆ ಆ ತಿಂಗಳ ಕಂತು ಕಟ್ಟಿಬಿಡಿ. ಒಡವೆ ಮನೆಯಲ್ಲಿರಲಿ. ಆಧಾರ್ ಜೆರಾಕ್ಸ್, ಮನೆಯವರ ಫೋನ್ ನಂಬರು ಬರೆದ ಚೀಟಿ ಜೊತೆಗಿರಲಿ. ಹಬ್ಬದ ದಿನ ಲಕ್ಷಾಂತರ ಜನ ಸೇರುವುದರಿಂದ ವಾಪಸ್ ಬರುವ ಟಿಕೆಟ್ ಮೊದಲೇ ಮಾಡಿಸಿ. ಮನೆಯಲ್ಲಿ ಹಸು, ಮಕ್ಕಳು, ವಯಸ್ಸಾದವರನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಗಂಡ, ಮಕ್ಕಳ ಜೊತೆ ಕೂತು ಮಾತಾಡಿ. ಯಾತ್ರೆಗೆ ಹೋಗದ ಸದಸ್ಯೆಯರು ಈ ಭಾರ ಹಂಚಿಕೊಂಡರೆ ಅವರೂ ಯಾತ್ರೆಯಲ್ಲಿ ಪಾಲುದಾರರೇ.

7. ಹರಕೆ ಮತ್ತು ಆರೋಗ್ಯ

ದಾರಿಯಲ್ಲಿ ಎದೆನೋವು, ಉಸಿರಾಟದ ತೊಂದರೆ, ಪಾದದಲ್ಲಿ ಕೀವು, ಜ್ವರ ಕಂಡರೆ ಮುಚ್ಚಿಡಬೇಡಿ. ವಾಹನ ಹತ್ತಿ ಆಸ್ಪತ್ರೆಗೆ ಹೋಗಿ. ಇದು ಹರಕೆ ಮುರಿದಂತೆ ಅಲ್ಲ. ಹರಕೆ ನೆರವೇರಿಸಲು ಆಗದಂಥ ಕಾರಣವಿದ್ದರೆ ಅದರಿಂದ ವಿನಾಯಿತಿ ಕೊಡುವ, ಅಥವಾ ಬೇರೆ ಸತ್ಕಾರ್ಯಕ್ಕೆ ಬದಲಾಯಿಸುವ ಅಧಿಕಾರ ಧರ್ಮಸಭೆಯ ಕಾನೂನಿನಲ್ಲಿ ಧರ್ಮಕೇಂದ್ರದ ಗುರುಗಳಿಗೆ ಇದೆ. ಭಯಪಟ್ಟು ಕಾಲೆಳೆದುಕೊಂಡು ಹೋಗುವ ಬದಲು ಅವರ ಬಳಿ ಮಾತಾಡಿ.

ಮಾತೆ ಮರಿಯಮ್ಮನವರೂ ಬೆಟ್ಟದ ಸೀಮೆಗೆ ಪ್ರಯಾಣ ಮಾಡಿದರು. ಎಲಿಜಬೇತಮ್ಮನವರ ಮನೆಯಲ್ಲಿ ಸುಮಾರು ಮೂರು ತಿಂಗಳು ಇದ್ದರು (ಲೂಕ 1:39-56). ಒಬ್ಬ ಹೆಣ್ಣು ಇನ್ನೊಬ್ಬ ಹೆಣ್ಣಿಗೆ ಜೊತೆಯಾದ ಪ್ರಯಾಣ ಅದು. ಆರೋಗ್ಯ ಮಾತೆ ಎಂದು ಕರೆಯುತ್ತಾ ಆರೋಗ್ಯವನ್ನೇ ಕಳೆದುಕೊಂಡರೆ ಹೇಗೆ? ಜೊತೆಯಾಗಿ ಹೋಗೋಣ, ಜೊತೆಯಾಗಿ ಕ್ಷೇಮವಾಗಿ ಮನೆಗೆ ಬರೋಣ.

ಸಂಘದಲ್ಲಿ ಚರ್ಚಿಸಿ:
• ನಮ್ಮಲ್ಲಿ ಯಾತ್ರೆಗೆ ಹೊರಡುವವರು ಯಾರು? ಅವರಲ್ಲಿ ಸಕ್ಕರೆ, ಬಿ.ಪಿ. ಪರೀಕ್ಷೆ ಮಾಡಿಸದವರು ಯಾರು?
• ವಾರದ ಸಭೆಗೆ ಬರುವಾಗ ನಾವೆಲ್ಲರೂ ನಡೆದು ಬರಬಹುದೇ?
• ಹೊರಟವರ ಮನೆಯ ಯಾವ ಕೆಲಸವನ್ನು ನಾವು ವಹಿಸಿಕೊಳ್ಳಬಹುದು? ತೀರ್ಮಾನವನ್ನು ನಡಾವಳಿ ಪುಸ್ತಕದಲ್ಲಿ ಬರೆಯಿರಿ.